ಫೌಲರ್ ಅಂದ್ರೆ ಕೋಳಿ ಸಾಕೋರಾ?

ತೋಟದಮನೆ_ಮಡಿಕೇರಿ:
ಎಲ್ರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಕೊಡಗಿನ ಕಾಫಿ ಬಗ್ಗೆ ಪ್ರಾಜೆಕ್ಟ್ ಬರೀತಿದ್ದಾಳೆ. 1854ರಲ್ಲಿ ಮಡಿಕೇರಿಲಿ ಮೊದಲು ಎಸ್ಟೇಟ್ ಮಾಡಿದ ಯುರೋಪಿಯನ್ ದೊರೆ ಫೌಲರ್ ಅಂತ ಬರೆಸ್ತಿದ್ದೆ, ಅಷ್ಟಕ್ಕೇ ಪೆನ್ನು ಕೆಳಗಿಟ್ಟು "ಸ್ಮಿತ್ ಅಂದ್ರೆ ಕಮ್ಮಾರ ಅಲ್ವಾ ಅಪ್ಪ, ಫೌಲ್ ಅಂದ್ರೆ ಕೋಳಿ, ಹಾಗಾದ್ರೆ ಇವ್ರು ಕೋಳಿ ಸಾಕೋರಾ?" ಅಂತ ಕೇಳಿದ್ಳು. ನಮ್ಮಲ್ಲಿ ಮನೆ ಹೆಸ್ರು ಸಾಮಾನ್ಯವಾಗಿ ಒಕ್ಕದ (ಕುಟುಂಬದ) ಮೂಲ ಹಿರಿಯನಿಂದ ಬರೋದು, ಕಸುಬಿಂದ ಅಲ್ಲ, ಹಾಗಾಗಿ ನಂಗೆ ಉತ್ರ ಹೊಳೀಲಿಲ್ಲ. ಗೊತ್ತಿರೋರು ಹೇಳಿ.

ಪದದಹುಚ್ಚು:
ಕೋಳಿ ಅಲ್ಲ ಅಣ್ಣ, ಹಕ್ಕಿ! ಹಳೇ ಇಂಗ್ಲಿಷಲ್ಲಿ ಫುಗೊಲ್ ಅಂದ್ರೆ ಯಾವ ಹಕ್ಕಿ ಆದ್ರೂ ಸರಿ, ಹಕ್ಕಿ ಹಿಡಿಯೋನು ಫುಗೆಲೆರೆ, ಅದೇ ಸವೆದು ಫೌಲರ್ ಆಯ್ತು. ಜರ್ಮನ್ನಲ್ಲಿ ಇವತ್ತಿಗೂ ಹಕ್ಕಿಗೆ ಫೋಗೆಲ್ ಅಂತಾರೆ. ಬರ್ಡ್ ಅನ್ನೋ ಪದ ಮೊದ್ಲು ಬರೀ ಮರಿಗೆ ಇದ್ದಿದ್ದು, ಆಮೇಲೆ ಅದು ಎಲ್ಲಾ ಹಕ್ಕಿಗೂ ಹಬ್ಬಿ ಫೌಲ್ ಕೋಳಿಗೂಡಿಗೆ ಬಂದು ಸೇರ್ತು. ನಮ್ಮ ಮೃಗ ಅನ್ನೋ ಪದ ನೋಡಿ, ಮೃಗಶಿರ ಅಂದ್ರೆ ಜಿಂಕೆ ತಲೆ, ಈಗ ಮೃಗ ಅಂದ್ರೆ ಹುಲಿ ಸಿಂಹ ನೆನಪಾಗುತ್ತೆ. ಇಂಗ್ಲಿಷಿನ ಡಿಯರ್ ಮೊದ್ಲು ಎಲ್ಲಾ ಪ್ರಾಣಿಗೂ ಇತ್ತು, ಈಗ ಜಿಂಕೆಗೆ ಮಾತ್ರ. ಫೌಲರ್‌ಗೆ ಕನ್ನಡದಲ್ಲಿ ಹತ್ತಿರದ್ದು ಅಂದ್ರೆ ನಮ್ಮ ಹಕ್ಕಿಪಿಕ್ಕಿ ಜನರ ಹೆಸ್ರೇ.

ಕುಶಾಲನಗರದವ:
ಅದು ಬಟ್ಟೆ ಕೆಲ್ಸದ ಹೆಸ್ರಲ್ವಾ? ಎಲ್ಲೋ ಓದಿದ ನೆನಪು.

ಪದದಹುಚ್ಚು:
ಅದು ಫುಲ್ಲರ್ ಸರ್. ನೇಯ್ದ ಉಣ್ಣೆ ಬಟ್ಟೆನ ನೀರಲ್ಲಿ ತುಳಿದು ಜಿಡ್ಡು ತೆಗೆದು ದಪ್ಪ ಮಾಡೋರು. ಅದಕ್ಕೆ ಹಾಕ್ತಿದ್ದ ಫುಲ್ಲರ್ಸ್ ಅರ್ತ್ ಅಂದ್ರೆ ನಾವು ಮುಖಕ್ಕೆ ಹಚ್ಚೋ ಮುಲ್ತಾನಿ ಮಿಟ್ಟಿ ಜಾತಿ ಮಣ್ಣೇ. ಇದೇ ಕಸುಬಿಗೆ ಇಂಗ್ಲೆಂಡಿನ ಉತ್ತರದ ಕಡೆ ವಾಕರ್, ನೈಋತ್ಯದಲ್ಲಿ ಟಕರ್.

ಹಲಸಿನಮರ:
ಹಕ್ಕಿ ಹಿಡಿಯೋದು ಆಗ ಪೂರ್ತಿ ಕಸುಬೇ. ದೊಡ್ಡೋರ ಮನೆ ಊಟಕ್ಕೆ ಬಾತು, ಕೊಕ್ಕರೆ, ಪುಟ್ಟ ಪುಟ್ಟ ಹಕ್ಕಿನೂ ಹೋಗ್ತಿತ್ತು. ಬಲೆ ಹಾಕ್ತಿದ್ರು, ಇಲ್ಲಾಂದ್ರೆ ಅಂಟು. ಹಾಲಿ ಅನ್ನೋ ಮರದ ತೊಗಟೆ ಬೇಯ್ಸಿ, ಕೊಳೆಯೋಕೆ ಬಿಟ್ಟು, ಜಜ್ಜಿ, ನೀರಲ್ಲಿ ತೊಳೆದ್ರೆ ನಾರು ಹೋಗಿ ಅಂಟು ಉಳಿಯುತ್ತೆ, ಅದನ್ನ ಕಡ್ಡಿಗೆ ಬಳಿದು ಕೊಂಬೆಲಿ ಸಿಕ್ಸೋದು. ನಮ್ಮ ಕಡೆ ಇದೇ ಕೆಲ್ಸಕ್ಕೆ ಹಲಸಿನ ಮೇಣ. ಹಲಸು ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚದೆ ಕೂತ್ರೆ ಬೆರಳು ಹೇಗೆ ಹಿಡ್ಕೊಳ್ಳುತ್ತೆ ಅಂತ ಮಗಳಿಗೆ ಗೊತ್ತಿರುತ್ತೆ ಬಿಡಿ, ಹಕ್ಕಿ ಕಾಲಿನ ಪಾಡೂ ಅದೇ, ರೆಕ್ಕೆ ಬಡಿದಷ್ಟೂ ಗರಿನೂ ಅಂಟ್ಕೊಳ್ಳುತ್ತೆ. ನಂಗಂತೂ ಅದು ಬಲೆಗಿಂತ ಕ್ರೂರ ಅನ್ಸುತ್ತೆ.

ತೋಟದಮನೆ_ಮಡಿಕೇರಿ:
ತುಂಬಾ ಥ್ಯಾಂಕ್ಸ್! ಹಾಗಾದ್ರೆ ನಮ್ಮ ಫೌಲರ್ ದೊರೆ ಮನೆಯವ್ರೂ ಹಕ್ಕಿ ಹಿಡೀತಿದ್ರಾ?

ಪದದಹುಚ್ಚು:
ಹಾಗೆ ಬರೆಸ್ಬೇಡಿ. ಮೊದಮೊದ್ಲು ಅದು ಆ ಮನುಷ್ಯನ ಕೆಲ್ಸದ ಗುರುತಷ್ಟೇ, ಮಗ ಬೇರೆ ಕಸುಬು ಹಿಡಿದ್ರೆ ಹೆಸ್ರೂ ಬೇರೆ ಆಗ್ಬಹುದಿತ್ತು. 1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಇಂಗ್ಲೆಂಡಿಗೆ ಬಂದ್ಮೇಲೆ ಅಪ್ಪನ ಹೆಸ್ರು ಮಗನಿಗೆ ಇಳಿಯೋ ರೂಢಿ ನಿಧಾನಕ್ಕೆ ಬೆಳೀತು, 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಮನೆಗಳಲ್ಲಿ ಹೆಸ್ರು ಗಟ್ಟಿ ಆಗಿತ್ತು. ಅಂದ್ರೆ ಮಡಿಕೇರಿಗೆ ಬರೋ ಹೊತ್ತಿಗೆ ನಾನ್ನೂರು ವರ್ಷಕ್ಕೂ ಹೆಚ್ಚು ಹಳೇದು. 1983ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚ್ಕೊಂಡೋರೂ ಒಬ್ರು ಫೌಲರ್ರೇ, ವಿಲಿಯಂ ಫೌಲರ್, ಅವ್ರು ನೋಡಿದ್ದು ನಕ್ಷತ್ರ.

ತೋಟದಮನೆ_ಮಡಿಕೇರಿ:
ಹೇಳ್ದೆ. "ಹಕ್ಕಿ ಹಿಡಿಯುವವ" ಅಂತ ಪಕ್ಕದಲ್ಲಿ ಬರ್ಕೊಂಡ್ಳು, ಈಗ ಹಲಸಿನ ಮೇಣದ ಚಿತ್ರ ಹೇಗೆ ಬಿಡಿಸೋದು ಅಂತ ಕೇಳ್ತಿದ್ದಾಳೆ.