ನಕ್ಷೆಯ 412 ಪಿಕ್ಸೆಲ್, ನೆಲದ ಮೇಲೆ ಎಷ್ಟು ಮೀಟರ್?

ಕೇಳಿದವರು: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಕೆರೆಯಿಂದ ಮೇಲಿನ ತೊಟ್ಟಿಗೆ ಪೈಪು ಹಾಕಿಸಬೇಕು. ಉಪಗ್ರಹ ನಕ್ಷೆಯ ಸ್ಕ್ರೀನ್‌ಶಾಟ್‌ನಲ್ಲಿ ಎರಡರ ನಡುವೆ 412 ಪಿಕ್ಸೆಲ್ ಇದೆ, ಜೂಮ್ 18. ಇದನ್ನು ಮೀಟರಿಗೆ ತಿರುಗಿಸುವುದು ಹೇಗೆ? ಮಾಡಿ ನೋಡಿದವರು ತಿಳಿಸಿ.

ತಂತ್ರಾಂಶದವರು, ಬೆಂಗಳೂರು: ಜಾಲದ ನಕ್ಷೆಗಳು ಬಹುಪಾಲು ವೆಬ್ ಮರ್ಕೇಟರ್ ಪದ್ಧತಿಯವು, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಚೌಕದ ಮೇಲೆ ಹರಡುವ ಒಂದು ವಿಧಾನ. ಜೂಮ್ 0ರಲ್ಲಿ ಇಡೀ ಭೂಮಿ 256 ಪಿಕ್ಸೆಲ್ ಅಗಲದ ಒಂದೇ ಚೌಕ; ಸಮಭಾಜಕದ ಮೇಲೆ ಪಿಕ್ಸೆಲ್ಲಿಗೆ 156543 ಮೀಟರ್. ಜೂಮ್ ಒಂದೊಂದು ಏರಿದಾಗಲೂ ಅದು ಅರ್ಧವಾಗುತ್ತದೆ. 18ಕ್ಕೆ ಬಂದಾಗ 0.597 ಮೀಟರ್. ಸಮಭಾಜಕದಿಂದ ದೂರ ಹೋದಷ್ಟೂ ಈ ಪದ್ಧತಿ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ, ಹಾಗಾಗಿ ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ. ನಿಮ್ಮದು ಸುಮಾರು 12.9 ಡಿಗ್ರಿ, ಕೊಸೈನ್ 0.975. ಪಿಕ್ಸೆಲ್ಲಿಗೆ 58 ಸೆಂಟಿಮೀಟರ್, ಒಟ್ಟು 240 ಮೀಟರ್. ಕೊಸೈನ್ ಮರೆತರೆ ನಿಮ್ಮಲ್ಲಿ ಆರು ಮೀಟರಿನ ತಪ್ಪು, ಅಷ್ಟೇ. ಲೇಹ್‌ನಲ್ಲಿ ಮರೆತರೆ ನೂರು ಮೀಟರು ನೂರಿಪ್ಪತ್ತಾಗುತ್ತದೆ.

ನಿವೃತ್ತ ಭೂಗೋಳದ ಮೇಷ್ಟ್ರು, ಧಾರವಾಡ: ಸೂತ್ರ ಸರಿ. ಆದರೆ ಸ್ಕ್ರೀನ್‌ಶಾಟ್ ತೆಗೆದದ್ದು ಮೊಬೈಲಿನಲ್ಲೇ? ಮೊಬೈಲಿನ ಪರದೆ ನಕ್ಷೆಯ ಒಂದು ಪಿಕ್ಸೆಲ್ಲಿನ ಅಗಲದಲ್ಲಿ ತನ್ನ ಎರಡನ್ನೋ ಮೂರನ್ನೋ ತುರುಕಿರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಚಿತ್ರ ಮತ್ತೆ ಕುಗ್ಗುತ್ತದೆ. ಹಾಗಾಗಿ ನಾನು ನಂಬುವುದು ಮೂಲೆಯ ಅಳತೆ ಪಟ್ಟಿಯನ್ನು ಮಾತ್ರ. ಚಿತ್ರ ಹಿಗ್ಗಿದರೆ ಅದೂ ಹಿಗ್ಗುತ್ತದೆ, ಕುಗ್ಗಿದರೆ ಅದೂ ಕುಗ್ಗುತ್ತದೆ. ಕಾಗದದ ನಕ್ಷೆಗೂ ಇದೇ ಮಾತು. 1:50000ರ ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಪಿಕ್ಸೆಲ್ಲಿಗೆ 4.2 ಮೀಟರ್, ಚಿತ್ರದ ಗಾತ್ರ ಬದಲಾದೊಡನೆ ಆ ಸಂಖ್ಯೆ ಸುಳ್ಳು, ಪಟ್ಟಿ ನಿಜ. ಪಟ್ಟಿಯೇ ಇಲ್ಲವೆ? ಶಾಲೆಯ ಬಯಲಿನಲ್ಲಿ ಕ್ರಿಕೆಟ್ ಪಿಚ್ ಹುಡುಕಿ. ಸ್ಟಂಪಿನಿಂದ ಸ್ಟಂಪಿಗೆ 20.12 ಮೀಟರ್, ಹಳೆಯ ಮೋಜಣಿಯ 66 ಅಡಿಯ ಸರಪಳಿಯಷ್ಟೇ.

ಬೆಳೆಗಾರ, ಮೂಡಿಗೆರೆ: ನಕ್ಷೆ ಹೇಳುವುದು ಚಪ್ಪಟೆ ದೂರ, ಪೈಪು ಹೋಗುವುದು ಗುಡ್ಡದ ಮೈಮೇಲೆ. 20 ಡಿಗ್ರಿ ಇಳಿಜಾರಿನಲ್ಲಿ ನೂರು ಮೀಟರಿಗೆ 106 ಮೀಟರ್ ಬೇಕು. ನಾನು ಇದನ್ನು ಕಲಿತದ್ದು ಎರಡು ಪೈಪು ಕಡಿಮೆ ಬಿದ್ದು, ಕೂಲಿಯವರು ಅರ್ಧ ದಿನ ಸುಮ್ಮನೆ ಕುಳಿತ ಮೇಲೆ.

ಕೇಳಿದವರು: ಮೊಬೈಲೇ ಆಗಿತ್ತು! 240 ಎಂದು ಓದಿದಾಗಲೇ ಅನುಮಾನ ಬಂದಿತ್ತು, ಅಷ್ಟು ದೂರ ನಡೆದ ನೆನಪಿಲ್ಲ. ಅಳತೆ ಪಟ್ಟಿಯ 20 ಮೀಟರ್ ಈ ಚಿತ್ರದಲ್ಲಿ 103 ಪಿಕ್ಸೆಲ್ ಇದೆ. ಅಂದರೆ ದೂರ 80 ಮೀಟರ್, ನಮ್ಮದೂ ಅಂಥದೇ ಇಳಿಜಾರಾದ್ದರಿಂದ 85. ಆರು ಮೀಟರಿನ ಪೈಪು ಹದಿನೈದು ಸಾಕು. ನಲವತ್ತು ಬೇಕೆಂದು ಅಂಗಡಿಗೆ ಹೇಳಿಬಿಟ್ಟಿದ್ದೆ, ಈಗಲೇ ಫೋನ್ ಮಾಡುತ್ತೇನೆ.