1944ರ ಮಾದರಿ ಜೀನ್ಸ್‌ಗೆ ಹಿಂದೆ ಬಕಲ್ ಇಲ್ಲ, ಕ್ಯಾಟಲಾಗ್ ಚಿತ್ರದಲ್ಲಿ ಇದೆ. ಯಾವುದನ್ನು ನಂಬಲಿ?

ನೀಲಿನೂಲು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಹಳೆ ಮಾದರಿಯ ಜೀನ್ಸ್ ಕೂಡಿಡುತ್ತಿದ್ದೇನೆ. ಅಸಲಿ ಹಳೆಯವು ನನ್ನ ಕೈಗೆ ಎಟುಕುವುದಿಲ್ಲ, ಹಾಗಾಗಿ ಹಳೆಯದನ್ನು ಬಿಚ್ಚಿ ನೋಡಿ ಅದೇ ಥರ ಹೊಸದಾಗಿ ಹೊಲಿದ ರಿಪ್ರೊಗಳೇ ಗತಿ. ಜೊತೆಗೆ ಹಳೆ ಬಟ್ಟೆ ಕ್ಯಾಟಲಾಗ್‌ಗಳ ಹುಚ್ಚು ಬೇರೆ. ಕಪಾಟಿನ ಮೇಲಿನ ಖಾನೆಯಲ್ಲಿ ಕ್ಯಾಟಲಾಗ್, ಕೆಳಗಿನದರಲ್ಲಿ ಪ್ಯಾಂಟು. ಇಲ್ಲಿಯವರೆಗೆ ಎರಡಕ್ಕೂ ಜಗಳ ಇರಲಿಲ್ಲ.

ಹೋದ ವಾರ ಅಮೆರಿಕದ ಲಿವೈಸ್ ಕಂಪನಿಯ 501 ಜೀನ್ಸ್‌ನ 1944ರ ಯುದ್ಧಕಾಲದ ಮಾದರಿಯ ಒಂದು ರಿಪ್ರೊ ಬಂತು. ಸೊಂಟದ ಹಿಂದೆ ಬಿಗಿ ಮಾಡಿಕೊಳ್ಳುವ ಪಟ್ಟಿ ಮತ್ತು ಬಕಲ್ ಇಲ್ಲ. ಹಿಂದಿನ ಜೇಬಿನ ಮೇಲಿನ ಕಮಾನು ಗೆರೆ ಹೊಲಿಗೆಯದ್ದಲ್ಲ, ಬಣ್ಣದಲ್ಲಿ ಎಳೆದದ್ದು. ಸರಿ, ಹಾಗೇ ಇರಬೇಕು ಅಂತ ಓದಿದ್ದೆ. ಆದರೆ ನನ್ನ ಹತ್ತಿರ ಮುಖಪುಟದಲ್ಲಿ 1943 ಅಂತ ಅಚ್ಚಾಗಿರುವ ಒಂದು ಕೌಬಾಯ್ ಬಟ್ಟೆಗಳ ಕ್ಯಾಟಲಾಗ್ ಇದೆ. ಅದರಲ್ಲಿ ಅದೇ 501ರ ಚಿತ್ರ, ಬೇಲಿ ಮೇಲೆ ಕೂತ ಮನುಷ್ಯ, ಬೆನ್ನು ನಮ್ಮ ಕಡೆ, ಸೊಂಟದಲ್ಲಿ ಬಕಲ್ ಎದ್ದು ಕಾಣುತ್ತದೆ.

ರಿಪ್ರೊ ಮಾಡಿದವರು ತಪ್ಪಿದರಾ, ಅಥವಾ ನನಗೆ ಕ್ಯಾಟಲಾಗ್ ಮಾರಿದವರು ಟೋಪಿ ಹಾಕಿದರಾ? ಇನ್ನೊಂದು, ಪ್ಯಾಂಟಿಗೆ ಇನ್ನೂ ನೀರು ಮುಟ್ಟಿಸಿಲ್ಲ, ಧೈರ್ಯ ಬರುತ್ತಿಲ್ಲ. ಅದಕ್ಕೂ ಏನಾದರೂ ಹೇಳಿ.

ಭೂತಗನ್ನಡಿ:

ಪ್ಯಾಂಟು ಸರಿಯಾಗಿದೆ. ಯುದ್ಧ ಶುರುವಾದ ಮೇಲೆ, ನಿಮ್ಮ ಕ್ಯಾಟಲಾಗಿಗೂ ಮೊದಲು 1942ರಲ್ಲೇ, ಅಮೆರಿಕದಲ್ಲಿ ಲೋಹ, ಬಟ್ಟೆ, ನೂಲು ಎಲ್ಲಕ್ಕೂ ಸರ್ಕಾರದ ಕಟ್ಟುಪಾಡು ಬಂತು. ಬಕಲ್ ಪಟ್ಟಿ ಹೋಯಿತು, ಗಡಿಯಾರದ ಪುಟ್ಟ ಜೇಬಿನ ರಿವೆಟ್ (ಹೊಲಿಗೆ ಬಿಡದಂತೆ ಒತ್ತುವ ಲೋಹದ ಪುಟ್ಟ ಮೊಳೆ) ಹೋಯಿತು, ತೊಡೆಸಂದಿಯ ರಿವೆಟ್ ಕೂಡ ಹೋಯಿತು. (ಬೆಂಕಿ ಕಾಯಿಸುತ್ತ ಕೂತವರಿಗೆ ಆ ಕೊನೆಯದು ಕಾದು ಎಲ್ಲಿ ಸುಡಬಾರದೋ ಅಲ್ಲೇ ಸುಡುತ್ತಿತ್ತು ಅಂತ ಒಂದು ಕಥೆ ಇದೆ, ಹಾಗಾಗಿ ಅದು ಹೋಗಿದ್ದಕ್ಕೆ ಯಾರೂ ಅತ್ತಿರಲಿಕ್ಕಿಲ್ಲ.) ಕಮಾನು ಹೊಲಿಗೆ ಬರೀ ಅಲಂಕಾರ, ಅದಕ್ಕೆ ನೂಲು ಖರ್ಚು ಮಾಡುವಂತಿರಲಿಲ್ಲ, ಅದಕ್ಕೇ ಬಣ್ಣ. ಆ ಕಾಲದ ಲಾಟ್ ನಂಬರಿನ (ಅಂದರೆ 501 ಅನ್ನುವ ಮಾದರಿ ಸಂಖ್ಯೆಯ) ಮುಂದೆ ಎಸ್ ಅಕ್ಷರ ಇರುತ್ತದೆ ನೋಡಿ, ಸರಳ ಮಾಡಿದ ಮಾದರಿ ಅಂತ ಅರ್ಥ. ಯುದ್ಧ ಮುಗಿದ ಮೇಲೆ ಕಮಾನು ಹೊಲಿಗೆ ವಾಪಸ್ ಬಂತು, ಬಕಲ್ ಬರಲೇ ಇಲ್ಲ. 1947ರ ಮಾದರಿ ಅಂತ ಹೇಳಿ ಬಕಲ್ ಇಟ್ಟು ಮಾರಿದರೆ ಅವರನ್ನು ಬೈಯಬಹುದು.

ಇನ್ನು ಕ್ಯಾಟಲಾಗ್. ಚಿತ್ರವನ್ನು ನಂಬಬೇಡಿ, ಪಕ್ಕದ ಸಣ್ಣ ಅಕ್ಷರ ಓದಿ. ಚಿತ್ರ ಬರೆಸಿ ಅಚ್ಚಿನ ಬ್ಲಾಕ್ ಮಾಡಿಸುವುದು ಖರ್ಚಿನ ಕೆಲಸ. ಒಮ್ಮೆ ಮಾಡಿಸಿದರೆ ಅದನ್ನೇ ವರ್ಷಗಟ್ಟಲೆ ಓಡಿಸುತ್ತಿದ್ದರು, ಬೆಲೆ ಮತ್ತು ಎರಡು ಸಾಲು ಮಾತ್ರ ಬದಲಾಗುತ್ತಿತ್ತು. ನನ್ನ ಬಳಿ ಒಂದೇ ಅಂಗಡಿಯ ಎರಡು ಕ್ಯಾಟಲಾಗ್ ಇವೆ, ನಡುವೆ ಆರು ವರ್ಷ, ಅಂಗಿ ಹಾಕಿಕೊಂಡ ಮನುಷ್ಯನ ಮೊಣಕೈ ಮಡಿಕೆ ಕೂಡ ಅದೇ. ಅವನಿಗೆ ಮಾತ್ರ ವಯಸ್ಸೇ ಆಗಿಲ್ಲ!

ಹಳೆಪುಟ:

ಭೂತಗನ್ನಡಿ ಅವರು ಹೇಳಿದ್ದು ಸರಿ, ಆದರೆ ಕ್ಯಾಟಲಾಗ್ ಅಸಲಿಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಮರುಮುದ್ರಣಗಳು ತುಂಬಾ ಇವೆ. ಅಂಚೆಯಲ್ಲಿ ಮಾಲು ಮಾರುತ್ತಿದ್ದ ಅಮೆರಿಕದ ಸಿಯರ್ಸ್ ರೋಬಕ್ ಕಂಪನಿಯ 1897ರ ಕ್ಯಾಟಲಾಗ್ 1968ರಲ್ಲಿ ಮತ್ತೆ ಅಚ್ಚಾಗಿತ್ತು. ಆ ಮರುಮುದ್ರಣಕ್ಕೇ ಈಗ ಐವತ್ತು ದಾಟಿದೆ, ಕಾಗದ ಹಳದಿಯಾಗಿದೆ. ಹಳದಿ ನೋಡಿ ಹಳೆಯದು ಅಂದುಕೊಂಡು ನಾನೇ ಒಮ್ಮೆ ಮೋಸ ಹೋಗಿದ್ದೇನೆ.

ಒಂದು ಹಾಳೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು, ಹಿಂಭಾಗದ ಮೇಲೆ ಬೆರಳ ತುದಿ ಆಡಿಸಿ. ಅಚ್ಚಿನ ಮೊಳೆ ಜೋಡಿಸಿ ಒತ್ತಿ ಅಚ್ಚು ಮಾಡಿದ್ದಾದರೆ ಅಕ್ಷರ ಸಣ್ಣಗೆ ಉಬ್ಬಿರುವುದು ಬೆರಳಿಗೆ ತಿಳಿಯುತ್ತದೆ. ಆಫ್‌ಸೆಟ್ ಮರುಮುದ್ರಣದಲ್ಲಿ ಎರಡೂ ಕಡೆ ನುಣುಪು. ಹಳೆಯದೆಲ್ಲವೂ ಮೊಳೆ ಅಚ್ಚೇ ಅಲ್ಲ, ಹಾಗಾಗಿ ನುಣುಪಾಗಿದ್ದರೆ ತಕ್ಷಣ ನಕಲಿ ಅನ್ನಬೇಡಿ. ಆಮೇಲೆ ಮಸೂರ ಇಟ್ಟು ಚಿತ್ರದ ಕೂದಲೆಳೆ ಗೆರೆಗಳನ್ನು ನೋಡಿ. ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದಾಗ ಒತ್ತೊತ್ತಾಗಿರುವ ಗೆರೆಗಳ ನಡುವೆ ಶಾಯಿ ತುಂಬಿ ಕಪ್ಪು ಕಲೆಯಂತೆ ಆಗಿರುತ್ತದೆ.

ಇನ್ನೊಂದು ಸುಲಭದ ದಾರಿ ಆರ್ಡರ್ ಫಾರಂ. ಅಮೆರಿಕದ ದೊಡ್ಡ ಊರುಗಳಲ್ಲಿ ಅಂಚೆ ವಲಯದ ನಂಬರ್ ಬಂದಿದ್ದು 1943ರಲ್ಲಿ, ಐದು ಅಂಕಿಯ ಜಿಪ್ ಕೋಡ್ ಬಂದಿದ್ದು 1963ರಲ್ಲಿ. ನಿಮ್ಮದರಲ್ಲಿ ವಲಯದ ನಂಬರ್ ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. ಎಲ್ಲಾದರೂ ಐದು ಅಂಕಿ ಕಂಡರೆ ಮಾತ್ರ ಕಥೆ ಮುಗಿಯಿತು.

ಮತ್ತೆ ಜೀನ್ಸ್ ಇರುವ ಕಪಾಟಿನಲ್ಲೇ ಕ್ಯಾಟಲಾಗ್ ಇಟ್ಟಿದ್ದೀರಲ್ಲ, ಮೊದಲು ಅದನ್ನು ಬೇರೆ ಮಾಡಿ ಮಾರಾಯ್ರೆ. ಇಂಡಿಗೊ ಅನ್ನುವ ನೀಲಿ ಬಣ್ಣದ ಒಗೆಯದ ಬಟ್ಟೆ ಮುಟ್ಟಿದ ಕೈಯಲ್ಲಿ ಹಾಳೆ ತಿರುವಿದರೆ ನೀಲಿ ಹೆಬ್ಬೆಟ್ಟು ಶಾಶ್ವತ. ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಪುಡಿಯಾಗುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಆಮ್ಲ ಇಲ್ಲದ ರಟ್ಟು ಇಟ್ಟು ಪಾಲಿಯೆಸ್ಟರ್ ಕವರಿನಲ್ಲಿ ಮಲಗಿಸಿ ಇಡಿ. ಹರಿದ ಕಡೆ ಸೆಲೊ ಟೇಪ್ ಹಚ್ಚಬೇಡಿ, ದಯವಿಟ್ಟು.

ಲಾಳಿ_ಮಗ್ಗ:

ನನ್ನದೊಂದು ತಕರಾರು. ಯುದ್ಧಕಾಲದ ಮಾದರಿ ಅಂತ ಒಂದು ಗೆರೆ ಎಳೆದು ಸರಿ-ತಪ್ಪು ಹೇಳುವುದೇ ಕಷ್ಟ. ಆಗ ಕೈಗೆ ಸಿಕ್ಕಿದ್ದರಲ್ಲಿ ಹೊಲಿದರು. ಜೇಬಿನ ಒಳಬಟ್ಟೆ ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಸೈನ್ಯದ ಹಸಿರು. ಗುಂಡಿಗಳೂ ಅಷ್ಟೆ, ಕಂಪನಿ ಹೆಸರಿಲ್ಲದ, ನಡುವೆ ತೂತಿರುವ ಎಲೆಬಳ್ಳಿ ಗುಂಡಿ. ಹೊಲಿಗೆ ಓರೆ. ಈಗ ರಿಪ್ರೊ ಮಾಡುವವರು ಆ ಓರೆಯನ್ನು ಅಳತೆ ಹಿಡಿದು, ಪ್ರತಿ ಪ್ಯಾಂಟಿನಲ್ಲೂ ಒಂದೇ ಜಾಗದಲ್ಲಿ ಓರೆ ಮಾಡುತ್ತಾರೆ. ನನಗೆ ನಗು ಬರುತ್ತದೆ, ಆದರೂ ಕೊಳ್ಳುತ್ತೇನೆ, ಅದು ಬೇರೆ ಮಾತು.

ಬಟ್ಟೆಯ ಕಥೆಯೂ ಹೀಗೇ. ಕೈಗೆ ಗಂಟುಗಂಟಾಗಿ ತಾಗುವ ಡೆನಿಮ್ ಆದರೆ ಹಳೆ ಕಾಲದ್ದು ಅಂತ ಜನ ನಂಬುತ್ತಾರೆ. ಆಗಿನ ಗಿರಣಿಗಳು ನೂಲು ಎಷ್ಟು ಸಮ ಬರುತ್ತದೋ ಅಷ್ಟು ಒಳ್ಳೆಯದು ಅಂತ ಒದ್ದಾಡುತ್ತಿದ್ದವು. ಬೇಕಂತಲೇ ಗಂಟು ಹಾಕುವುದು ನಮ್ಮ ಕಾಲದ ಶೋಕಿ. ಹಳೆಯದರ ಹದ ನೂಲಿನ ಸಣ್ಣ ಏರುಪೇರಿನಲ್ಲಿದೆ, ಲಾಳಿ ಓಡುವ ಮಗ್ಗದ ಅದುರಿನಲ್ಲಿದೆ, ಬಣ್ಣದಲ್ಲಿದೆ. ಹಾಸಿನ ನೂಲಿಗೆ ಮಾತ್ರ ಇಂಡಿಗೊ, ಅದೂ ಮೇಲ್ಮೈಗೆ, ಒಳಗೆ ನೂಲು ಬೆಳ್ಳಗೇ ಇರುತ್ತದೆ. ಹೊಕ್ಕಿನ ನೂಲು ಪೂರ್ತಿ ಬಿಳಿ. ಮೊಣಕಾಲು ಉಜ್ಜಿ ಉಜ್ಜಿ ನೀಲಿ ಕಳಚಿದಾಗ ಒಳಗಿನ ಬಿಳಿ ಇಣುಕುತ್ತದೆ ಅಲ್ವಾ, ನಾವು ಹುಚ್ಚರಾಗಿರುವುದು ಅದಕ್ಕೇ.

501ರ ಬಟ್ಟೆ ನೇಯುತ್ತಿದ್ದ ಕೋನ್ ಮಿಲ್ಸ್‌ನ ವೈಟ್ ಓಕ್ ಗಿರಣಿ, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿದ್ದದ್ದು, 1905ರಲ್ಲಿ ಶುರುವಾಗಿ 2017ರ ಕೊನೆಗೆ ಮುಚ್ಚಿತು. ಈ ರಿಪ್ರೊ ಹುಚ್ಚನ್ನು ಬೆಳೆಸಿದವರು ಜಪಾನಿನವರು: 1979ರಲ್ಲಿ ಸ್ಟುಡಿಯೊ ಡಾರ್ಟಿಸಾನ್, ಆಮೇಲೆ ಡೆನಿಮ್ (Denime, ಬಟ್ಟೆಯಲ್ಲ, ಕಂಪನಿಯ ಹೆಸರು), ಎವಿಸು, ಫುಲ್‌ಕೌಂಟ್, 1995ರಲ್ಲಿ ವೇರ್‌ಹೌಸ್ ಕಂಪನಿ. ಅಮೆರಿಕದ ಹಳೆ ಮಗ್ಗಗಳನ್ನೇ ಹಡಗಿಗೆ ಹಾಕಿ ಜಪಾನಿಗೆ ಒಯ್ದರು ಅನ್ನುವ ಕಥೆ ಕೇಳಿದರೆ ಸುಮ್ನೆ ತಲೆಯಾಡಿಸಿ. ಅಲ್ಲಿ ಓಡುವುದು ಹೆಚ್ಚಾಗಿ ಅವರದೇ ಟೊಯೊಡಾ ಮಗ್ಗಗಳು.

ನೆನೆಹಾಕಿದವ:

ನೀರಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಇತಿಹಾಸಕ್ಕೆ ಬಿದ್ದರು.

ಲೇಬಲ್ ನೋಡಿ. ಸ್ಯಾನ್‌ಫರೈಸ್ ಆಗಿರುವ ಬಟ್ಟೆಯಾದರೆ ಗಿರಣಿಯಲ್ಲೇ ಕುಗ್ಗಿಸಿರುತ್ತಾರೆ, ಹೆದರಬೇಡಿ. ಯುದ್ಧಕಾಲದ 501 ಆಗಿರುವುದರಿಂದ ಬಹುಶಃ ಆಗಿರುವುದಿಲ್ಲ. ಹಾಗಿದ್ದರೆ ಉದ್ದದಲ್ಲಿ ಹತ್ತಕ್ಕೆ ಒಂದು ಪಾಲಿನವರೆಗೂ ಕುಗ್ಗಬಹುದು. ಒಳಕಾಲು 36 ಇಂಚು ಇದ್ದದ್ದು 33ರ ಹತ್ತಿರ ಬರುತ್ತದೆ. ಸೊಂಟವೂ ಕುಗ್ಗುತ್ತದೆ, ಆದರೆ ಹಾಕಿಕೊಂಡು ಓಡಾಡಿದರೆ ಒಂದಿಷ್ಟು ವಾಪಸ್ ಬಿಡುತ್ತದೆ. ಕಾಲಿನ ಉದ್ದ ಬಿಡುವುದಿಲ್ಲ. ಹಾಗಾಗಿ ನೆನೆಸುವ ಮೊದಲೇ ಕೆಳಗೆ ಕತ್ತರಿಸಿ ಮಡಿಸಿ ಹೊಲಿಸಬೇಡಿ. ನಾನು ಹೊಲಿಸಿದ್ದೆ. ಆ ಪ್ಯಾಂಟನ್ನು ಈಗ ತಮ್ಮ ಹಾಕುತ್ತಾನೆ.

ಒಳಮೈ ಹೊರಗೆ ತಿರುಗಿಸಿ, ಗುಂಡಿ ಎಲ್ಲ ಹಾಕಿ, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಗಾಳಿ ತುಂಬಿ ಮೇಲೆ ತೇಲುತ್ತದೆ, ಏನಾದರೂ ಭಾರ ಇಡಿ. ನೀರು ನೀಲಿಯಾಗುತ್ತದೆ, ಗಂಜಿ ಬಿಟ್ಟು ಸ್ವಲ್ಪ ಲೋಳೆಯಾಗುತ್ತದೆ, ಗಾಬರಿ ಬೇಡ. ಹಿಂಡಬೇಡಿ, ಹಾಗೇ ನೇತುಹಾಕಿ. ಬಣ್ಣದ ಕಮಾನನ್ನು ಉಜ್ಜಬೇಡಿ. ಉಜ್ಜದಿದ್ದರೂ ಒಗೆದಂತೆಲ್ಲ ಅದು ಹೋಗುತ್ತದೆ, ಅಸಲಿಯಲ್ಲೂ ಹೋಗುತ್ತಿತ್ತು.

ನೀಲಿನೂಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ನೋಡಿದೆ. ಹಾಳೆಯ ಹಿಂದೆ ಅಕ್ಷರ ಬೆರಳಿಗೆ ತಾಗುತ್ತದೆ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಐದು ಅಂಕಿ ಎಲ್ಲೂ ಇಲ್ಲ. ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಸರ್ಕಾರದ ನಿಯಮದಿಂದಾಗಿ ಮಾಲು ಚಿತ್ರದಂತೆಯೇ ಇರಲಿಕ್ಕಿಲ್ಲ ಅಂತ ಬರೆದಿದ್ದಾರೆ. ಆ ಪುಟವನ್ನು ನೂರು ಸಲ ನೋಡಿದ್ದೇನೆ, ಒಂದು ಸಲವೂ ಓದಿಲ್ಲ.

ಆಮೇಲೆ ಅನುಮಾನ ಬಂದು ನನ್ನದೇ ಖಾನೆಯಲ್ಲಿದ್ದ 1939ರದ್ದನ್ನು ತೆಗೆದೆ. ಅದೇ ಬೇಲಿ, ಅದೇ ಮನುಷ್ಯ, ಅದೇ ಬಕಲ್. ಬೇಲಿಯ ಎಡಗಡೆ ಕಂಬದ ಗೆರೆ ಒಂದು ಕಡೆ ತುಂಡಾಗಿದೆ, ಬ್ಲಾಕ್‌ಗೆ ಪೆಟ್ಟು ಬಿದ್ದಿರಬೇಕು. 1943ರದ್ದರಲ್ಲೂ ಅದೇ ಜಾಗದಲ್ಲಿ ತುಂಡಾಗಿದೆ, ಬಿರುಕು ಸ್ವಲ್ಪ ಜಾಸ್ತಿ ಅಗಲ.

ಕ್ಯಾಟಲಾಗ್‌ಗಳು ಬೇರೆ ಕೋಣೆಗೆ ಹೋದವು. ಪ್ಯಾಂಟು ಈಗ ನೀರಿನಲ್ಲಿದೆ, ಮೇಲೆ ಎರಡು ಲೋಟ ಇಟ್ಟಿದ್ದೇನೆ, ಆದರೂ ಒಂದು ಮೊಣಕಾಲು ಮೇಲೇಳುತ್ತಿದೆ. ಒಳಕಾಲು ಮೊದಲು 35 ಮುಕ್ಕಾಲು ಇತ್ತು. ಒಣಗಿದ ಮೇಲೆ ಅಳತೆ ಹಾಕುತ್ತೇನೆ.

ನೆನೆಹಾಕಿದವ:

ಲೋಟ ಸಾಲದು, ತುಂಬಿದ ಬಕೆಟ್ ಇಡಿ.