ಅಕ್ಕ ಇಂಚರ, ತಮ್ಮನಿಗೆ ಯಾವ ಹೆಸರು ಹೊಂದೀತು?

ಪುಣೆಯ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಂಚರಳಿಗೆ ಈಗ ಆರು ವರ್ಷ. ಅವಳಿಗೆ ತಮ್ಮ ಹುಟ್ಟಿ ಹದಿನೆಂಟು ದಿನಗಳಾದವು. ಮುಂದಿನ ತಿಂಗಳು ಶಿರಸಿಯಲ್ಲಿರುವ ಮಾವನವರ ಮನೆಯಲ್ಲಿ ನಾಮಕರಣವಿದೆ, ಆದರೆ ಹೆಸರು ಮಾತ್ರ ಇನ್ನೂ ನಿಶ್ಚಯವಾಗಿಲ್ಲ.

ಮಗು ಹುಟ್ಟಿದ್ದು ಹಸ್ತಾ ನಕ್ಷತ್ರದ ಮೂರನೆಯ ಪಾದದಲ್ಲಿ. ಪಂಚಾಂಗದಲ್ಲಿ ಆ ಪಾದಕ್ಕೆ ಕೊಟ್ಟಿರುವ ಅಕ್ಷರ ‘ಣ’. ‘ಣ’ದಿಂದ ಆರಂಭವಾಗುವ ಹೆಸರನ್ನು ಎಲ್ಲಿಂದ ತರುವುದೆಂದು ಕೇಳಿದಾಗ ಪುರೋಹಿತರು ನಕ್ಕು, ‘ನ’ ಇಟ್ಟುಕೊಂಡರೆ ಸಾಕು ಎಂದರು. ಮಾವನವರು ಅಂದಿನಿಂದ ತಮ್ಮ ತಂದೆಯವರ ಹೆಸರಾದ ನಾರಾಯಣ ಎಂಬುದನ್ನೇ ಹಿಡಿದಿದ್ದಾರೆ. ‘ನ’ವೂ ಆಯಿತು, ಕೊನೆಯಲ್ಲಿ ‘ಣ’ವೂ ಬಂತು ಎಂಬುದು ಅವರ ವಾದ. ಅಕ್ಕನ ಹೆಸರಿನಂತೆ ತಮ್ಮನದೂ ‘ಇ’ಯಿಂದಲೇ ಆರಂಭವಾಗಲೆಂದು ಬಯಸುವ ನನ್ನ ಪತಿ ಇಶಾನ್, ಇಂದ್ರಜಿತ್ ಎಂಬ ಎರಡು ಹೆಸರುಗಳನ್ನು ಮುಂದಿಟ್ಟಿದ್ದಾರೆ. ಇಂಚರ ಎಂದು ಕರೆದ ಬಾಯಿಂದ ಇಶಾನ್ ಎಂದು ಕರೆದರೆ ಎರಡೂ ಒಂದೇ ಮನೆಯ ಹೆಸರುಗಳೆಂದು ನನಗೆ ಅನ್ನಿಸುತ್ತಿಲ್ಲ, ಏಕೆಂದು ಕೇಳಿದರೆ ಸರಿಯಾಗಿ ಹೇಳಲೂ ಬರುತ್ತಿಲ್ಲ. ಇದರ ಮೇಲೆ, 21 ದಿನಗಳೊಳಗೆ ಹೆಸರನ್ನು ನೋಂದಾಯಿಸಲೇಬೇಕೆಂದು ನೆರೆಮನೆಯವರು ಹೇಳಿದ್ದರಿಂದ ಸ್ವಲ್ಪ ಗಾಬರಿಯೂ ಆಗಿದೆ. ತಿಳಿದವರು ದಯವಿಟ್ಟು ಸಲಹೆ ಕೊಡಿ.

ಎರಡನೆಯವನು:

ಅಕ್ಕಾ, ಮೊದಲ ಅಕ್ಷರ ಒಂದೇ ಇರಲಿ ಎಂಬ ಆಸೆಯನ್ನು ನಿಮ್ಮ ಯಜಮಾನರು ಬಿಡುವುದು ಒಳ್ಳೆಯದು. ನನ್ನ ಅಕ್ಕ ಸುಮನಾ, ನಾನು ಸುಮಂತ. ಅಮ್ಮ ಅಡುಗೆಮನೆಯಿಂದ ‘ಸುಮಾ’ ಎಂದು ಕೂಗಿದರೆ ಇಬ್ಬರೂ ಓಡಿ ಬರುತ್ತಿದ್ದೆವು, ಅಥವಾ ಕರೆದದ್ದು ಮತ್ತೊಬ್ಬರನ್ನು ಎಂದುಕೊಂಡು ಇಬ್ಬರೂ ಸುಮ್ಮನೆ ಕುಳಿತಿರುತ್ತಿದ್ದೆವು, ಎರಡನೆಯದೇ ಹೆಚ್ಚು. ಒಂದು ಆಸ್ಪತ್ರೆಯಲ್ಲಿ ನನಗೆ ಹಾಕಿದ ಲಸಿಕೆಯನ್ನು ಅಕ್ಕನ ಕಾರ್ಡಿನಲ್ಲಿ ಬರೆದುಬಿಟ್ಟಿದ್ದರು. ಅದನ್ನು ಸರಿಪಡಿಸಲು ಅಪ್ಪ ಮೂರು ಸಲ ಅಲೆಯಬೇಕಾಯಿತು. ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಅಕ್ಷರವೂ ಮನೆತನದ ಹೆಸರೂ ಒಂದೇ ಆದರೆ ಮನೆಗೆ ಬರುವ ಪಾರ್ಸೆಲ್ ಯಾರದೆಂದು ಇಂದಿಗೂ ಒಡೆದೇ ನೋಡಬೇಕು.

ನಿವೃತ್ತ ಕನ್ನಡ ಮೇಷ್ಟ್ರು:

ತಾಯೀ, ನಿಮಗೆ ಹೇಳಲು ಬಾರದ ಕಾರಣ ಮೊದಲ ಅಕ್ಷರದಲ್ಲಿಲ್ಲ, ಹೆಸರಿನ ಹುಟ್ಟಿನಲ್ಲಿದೆ. ಇನಿದಾದ ಸರವೇ ಇಂಚರ. ಹಳೆಗನ್ನಡದಲ್ಲಿ ನುಣ್ಣನೆಯ ದನಿಗೆ ನುಣ್ಚರ ಎಂದಂತೆಯೇ ಇದು. ‘ಸರ’ ಎಂಬುದು ಸಂಸ್ಕೃತದ ‘ಸ್ವರ’ದ ತದ್ಭವವಾದ್ದರಿಂದ ಅಚ್ಚಗನ್ನಡವೆಂದು ಎದೆತಟ್ಟಿ ಹೇಳುವಂತಿಲ್ಲ, ಆದರೆ ಕನ್ನಡದ ಬಾಯಲ್ಲಿ ಸವೆದು ನಯವಾದ ಪದ. ಅದರ ಪಕ್ಕದಲ್ಲಿ ಇಶಾನ್ ಒರಟಾಗಿ ಕೇಳಿಸುವುದು ಸಹಜ. ಅದರ ಸರಿಯಾದ ರೂಪವೂ ಈಶಾನ. ಹಿಂದಿಯ ಉಚ್ಚಾರಣೆಯಲ್ಲಿ ಕೊನೆಯ ಅಕಾರ ಬಿದ್ದುಹೋಗಿದೆ. ಇಂದ್ರಜಿತ್ ಎಂದರೆ ರಾವಣನ ಮಗ ಮೇಘನಾದ. ಗುಡುಗಿನ ದನಿಯವನು ಇಂಚರದ ತಮ್ಮನಾಗುವುದು ತಮಾಷೆಯಾಗಿಯೇನೋ ಇದೆ.

ಹಾಗಾದರೆ ಯಾವುದು? ರನ್ನ ಎನ್ನಬಹುದು, ರತ್ನದ ತದ್ಭವ, ಹತ್ತನೆಯ ಶತಮಾನದ ಮಹಾಕವಿಯ ಹೆಸರು. ಆದರೆ ಅದು ‘ನ’ದಿಂದ ಆರಂಭವಾಗುವುದಿಲ್ಲ. ಮಯೂರ ಎಂದು ಯಾರಾದರೂ ಸೂಚಿಸಿಯಾರು. ಮಳೆಗಾಲದ ಮುಂಜಾನೆ ನವಿಲಿನ ಕೇಕೆಯನ್ನು ಕೇಳಿದವರು ಆ ಸಂಬಂಧಕ್ಕೆ ಒಪ್ಪಲಾರರು. ಹೊಯ್ಸಳರ ಎರೆಯಂಗ, ಗಂಗರ ಬೂತುಗ ಇವೆಲ್ಲ ಶಾಸನದಲ್ಲಿ ಓದಲು ಚೆಂದ. ಒಂದನೆಯ ತರಗತಿಯ ಹುಡುಗನ ತಲೆಯ ಮೇಲೆ ಹೊರಿಸುವಂಥವಲ್ಲ.

ನನ್ನ ಮನಸ್ಸಿಗೆ ಬರುವುದು ನೇಸರ. ಬೆಳಗಿನ ಹೊತ್ತು ಹಕ್ಕಿಗಳ ಇಂಚರ ಮೊದಲು ಕೇಳಿಸುತ್ತದೆ, ನೇಸರ ಅದರ ಹಿಂದೆಯೇ ಬರುತ್ತಾನೆ. ಅಕ್ಕ ಮೊದಲು, ತಮ್ಮ ಆಮೇಲೆ. ನಿಮ್ಮ ಮಾವನವರಿಗೆ ಇನ್ನೊಂದು ಮಾತನ್ನೂ ತಿಳಿಸಿ. ಹಸ್ತಾ ನಕ್ಷತ್ರದ ಅಧಿದೇವತೆ ಸವಿತೃ, ಅಂದರೆ ಸೂರ್ಯನೇ. ಪಾದದ ಅಕ್ಷರವನ್ನಷ್ಟೇ ಅಲ್ಲದೆ ನಕ್ಷತ್ರದ ದೇವತೆಯನ್ನು ಹಿಡಿದು ಹೆಸರಿಡುವುದೂ ಸಂಪ್ರದಾಯವೇ. ಅವರು ಮನೆಯ ಸಂಸ್ಕಾರಗಳ ವಿಧಿಯನ್ನು ಹೇಳುವ ಪಾರಸ್ಕರ ಗೃಹ್ಯಸೂತ್ರವನ್ನು ತೆಗೆದು, ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರದ್ದಿರಬೇಕು, ನೇಸರ ಮೂರಾಯಿತಲ್ಲ ಎಂದರೆ, ಹಳೆಗನ್ನಡದ ರೂಪ ‘ನೇಸರ್’ ಎಂದೂ ಅದು ಎರಡೇ ಅಕ್ಷರವೆಂದೂ ವಿನಯದಿಂದ ಹೇಳಿ. ಈ ಕೊನೆಯ ವಾದ ಸ್ವಲ್ಪ ಕಿಲಾಡಿತನದ್ದು ಎಂಬುದನ್ನು ಒಪ್ಪುತ್ತೇನೆ.

ಬೆಳಗಾವಿಯಿಂದ ಪುಣೆಗೆ:

ಮೇಷ್ಟ್ರ ಸಲಹೆ ಬಹಳ ಹಿಡಿಸಿತು. ಆದರೂ ಪುಣೆಯಲ್ಲಿ ಹನ್ನೊಂದು ವರ್ಷಗಳಿಂದ ಇರುವವನಾಗಿ ಒಂದು ಎಚ್ಚರಿಕೆಯ ಮಾತು. ಇಲ್ಲಿಯವರು ಪದದ ಕೊನೆಯ ಅಕಾರವನ್ನು ನುಂಗುತ್ತಾರೆ. ನೇಸರ ಎಂದು ಎಷ್ಟು ಸಲ ಹೇಳಿಕೊಟ್ಟರೂ ಶಾಲೆಯ ಹಾಜರಿಯಲ್ಲಿ ‘ನೇಸರ್’ ಎಂದೇ ಕೇಳಿಬಂದೀತು, ಕೆಲವರ ಕಿವಿಗೆ ಅದು ‘ನಿಸಾರ್’ ಎಂದು ಬಿದ್ದರೂ ಆಶ್ಚರ್ಯವಿಲ್ಲ. ಕೊಲ್ಹಾಪುರದ ಕಡೆಯವರು, 1674ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಮಡಿದ ನೇಸರಿ ಊರಿಗೂ ಈ ಹೆಸರಿಗೂ ಏನು ಸಂಬಂಧವೆಂದು ಕೇಳಬಹುದು. ಮರಾಠಿಯಲ್ಲಿ ಸೀರೆ ಉಡುವುದಕ್ಕೆ ‘ನೇಸಣೇ’ ಎನ್ನುತ್ತಾರೆ. ಆದ್ದರಿಂದ ಮುದ್ದಿಗೆ ‘ನೇಸ್’ ಎಂದು ಮೊಟಕುಗೊಳಿಸಿದರೆ ಅಕ್ಕಪಕ್ಕದ ಮಕ್ಕಳು ನಗಲು ಕಾರಣ ಸಿಕ್ಕಂತೆ. ಹೆಸರನ್ನು ಬಿಡಿ ಎಂದು ಹೇಳುತ್ತಿಲ್ಲ, ಪೂರ್ತಿಯಾಗಿ ಕರೆಯುವ ಅಭ್ಯಾಸ ಮಾಡಿ ಎನ್ನುತ್ತಿದ್ದೇನೆ.

ನೋಂದಣಿಯ ವಿಷಯದಲ್ಲಿ ಗಾಬರಿ ಬೇಡ. 21 ದಿನಗಳ ಗಡುವು ಇರುವುದು ಜನನವನ್ನು ತಿಳಿಸುವುದಕ್ಕೆ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ ಅದನ್ನು ಅವರೇ ಕಳುಹಿಸಿರುತ್ತಾರೆ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಹೆಸರಿಲ್ಲದೆಯೂ ಜನನ ದಾಖಲಾಗುತ್ತದೆ; ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು, ಅದು ಮೀರಿದರೆ ತಡವಾದದ್ದಕ್ಕೆ ಶುಲ್ಕ ಕಟ್ಟಬೇಕು. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ದೊಡ್ಡ ತಲೆನೋವು. ಆದುದರಿಂದ ಇಂಗ್ಲಿಷಿನ ಕಾಗುಣಿತವನ್ನು ಇಬ್ಬರೂ ಕುಳಿತು ತೀರ್ಮಾನಿಸಿದ ಮೇಲೆಯೇ ಅರ್ಜಿ ಕೊಡಿ.

ಪುಣೆಯ ಕನ್ನಡತಿ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಮಾವನವರಿಗೆ ಫೋನ್ ಮಾಡಿ ಸವಿತೃವಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ನಾಮಕರಣದ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವಾಗ ಮೊದಲು ನಾರಾಯಣ ಎಂದೂ ಅದರ ಕೆಳಗೆ ನೇಸರ ಎಂದೂ ಬರೆಯಲಿ, ಶಾಲೆಗೆ ಯಾವುದನ್ನು ಬೇಕಾದರೂ ಕೊಟ್ಟುಕೊಳ್ಳಿ ಎಂದರು. ಹಳೆಗನ್ನಡದ ವಾದವನ್ನು ತೆಗೆಯುವ ಸಂದರ್ಭವೇ ಬರಲಿಲ್ಲ, ಮೇಷ್ಟ್ರೇ.

ಇನ್ನು ಉಳಿದವರು ನನ್ನ ಪತಿ. ಇಂದು ಬೆಳಿಗ್ಗೆ ಇಂಚರ ತನ್ನ ಹೆಸರಿನ ಕೆಳಗೆ ತಮ್ಮನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, “ಅಪ್ಪಾ, ಎರಡೂ ‘ರ’ದಲ್ಲಿ ಮುಗೀತವೆ ನೋಡು” ಎಂದು ತೋರಿಸಿದಳು. ಅವರು ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಕಚೇರಿಗೆ ಹೋಗಿದ್ದಾರೆ. ಇಂಗ್ಲಿಷಿನ ಕಾಗುಣಿತ ಸಂಜೆ ನಿರ್ಧಾರವಾಗಬೇಕು.